ಐಪಿಎಲ್ ಹರಾಜಿಗೂ ಟ್ರೇಡಿಗೂ ಊಹೆ ಕಟ್ಟುವ ಕ್ರಮ

ಐಪಿಎಲ್ ಮುಗಿಯುವ ಹೊತ್ತಿಗೆ ಮಲೆನಾಡಿನಲ್ಲಿ ಮುಂಗಾರು ಹಿಡಿಯುತ್ತದೆ. ತಂಡಗಳು ಯಾರನ್ನು ಉಳಿಸಿಕೊಂಡವು, ಯಾರನ್ನು ಕೈಬಿಟ್ಟವು ಎಂಬ ಪಟ್ಟಿ ಹೊರಬೀಳುವ ಹೊತ್ತಿಗೆ ಅಡಿಕೆ ಕೊಯ್ಲು ಆರಂಭವಾಗಿರುತ್ತದೆ. ನಡುವಿನ ಐದಾರು ತಿಂಗಳು ಪಂದ್ಯವಿರುವುದಿಲ್ಲ, ಮಾತು ಮಾತ್ರ ಇರುತ್ತದೆ. ಆರ್‌ಸಿಬಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬ ಚರ್ಚೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಲ್ಲೂ, ತೀರ್ಥಹಳ್ಳಿ, ಹೊಸನಗರದ ಕಡೆ ರಾತ್ರಿ ಅಡಿಕೆ ಸುಲಿಯಲು ಕೂತವರ ನಡುವೆಯೂ ಒಂದೇ ಹುರುಪಿನಿಂದ ನಡೆಯುತ್ತದೆ. ಆದರೆ ಆ ಮಾತಿನಲ್ಲಿ ಮುಕ್ಕಾಲು ಪಾಲು ಆಸೆಯೇ ಹೊರತು ಊಹೆಯಲ್ಲ. ಆಸೆ ಆಟಗಾರನ ಹೆಸರಿನಿಂದ ಹೊರಡುತ್ತದೆ. ಊಹೆ ತಂಡದಲ್ಲಿ ಖಾಲಿಯಿರುವ ಜಾಗದಿಂದಲೂ ಅದರ ಕೈಯಲ್ಲಿ ಉಳಿದಿರುವ ಹಣದಿಂದಲೂ ಹೊರಡಬೇಕು. ಈ ಬರಹದಲ್ಲಿ ಹೇಳುವ ಕ್ರಮವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಬೇರೆ ದೇಶದ ಕ್ರೀಡೆಗಳನ್ನು ನೋಡುವ ಅಭ್ಯಾಸವಿರುವವರು ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿದ್ದು, ಕಾಲೇಜು ಮುಗಿಸಿ ಬರುವ ಹೊಸಬರನ್ನು ಡ್ರಾಫ್ಟ್ ಮೂಲಕ ಸರದಿಯಂತೆ ಆರಿಸಿಕೊಳ್ಳಲಾಗುತ್ತದೆ. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ, ಆ ಸರದಿಯ ಹಕ್ಕನ್ನೇ ಇನ್ನೊಂದು ತಂಡಕ್ಕೆ ಕೊಟ್ಟು ಆಟಗಾರನನ್ನು ಪಡೆಯುವುದೂ ಉಂಟು. ನಮ್ಮ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನಲ್ಲಿಯೂ ಮೊದಲ ವರ್ಷಗಳಲ್ಲಿ ಭಾರತೀಯ ಆಟಗಾರರಿಗೆ ಡ್ರಾಫ್ಟ್ ಇತ್ತು, 2017ರಲ್ಲಿ ಜಮ್ಶೆಡ್‌ಪುರ ತಂಡ ಅನಸ್ ಎಡತೊಡಿಕ ಅವರನ್ನು ಮೊದಲಿಗನಾಗಿ ಆರಿಸಿಕೊಂಡಿತ್ತು. ಐಪಿಎಲ್‌ನಲ್ಲಿ ಇಂಥ ಆಯ್ಕೆ ನಡೆದದ್ದು ಅಪರೂಪ: ಚೆನ್ನೈ ಮತ್ತು ರಾಜಸ್ಥಾನ ತಂಡಗಳು ಅಮಾನತಿನಲ್ಲಿದ್ದಾಗ, 2015ರ ಡಿಸೆಂಬರ್ 15ರಂದು ಪುಣೆ ಧೋನಿಯನ್ನೂ ರಾಜಕೋಟ್‌ನ ಗುಜರಾತ್ ಲಯನ್ಸ್ ಸುರೇಶ್ ರೈನಾರನ್ನೂ ಮೊದಲು ಆರಿಸಿಕೊಂಡವು. ಉಳಿದಂತೆ ಇಲ್ಲಿ ಸರದಿಗೆ ಬೆಲೆಯಿಲ್ಲ, ಪರ್ಸಿಗೆ, ಅಂದರೆ ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಹಣಕ್ಕೆ, ಬೆಲೆ. ಕೊನೆಯ ಸ್ಥಾನ ಪಡೆದ ತಂಡಕ್ಕೆ ಯಾವ ರಿಯಾಯಿತಿಯೂ ಇಲ್ಲದಿರುವುದರಿಂದ, ಸೋತ ತಂಡ ದೊಡ್ಡ ಆಟಗಾರನನ್ನು ಪಡೆಯುತ್ತದೆ ಎಂಬ ನಿರೀಕ್ಷೆಯನ್ನು ಬಿಟ್ಟೇ ಲೆಕ್ಕಕ್ಕೆ ಕೂರಬೇಕು.

ಲೆಕ್ಕಕ್ಕೆ ಒಂದು ದೊಡ್ಡ ಕಾಗದ ಸಾಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ನಮ್ಮ ಕಡೆ ಮೊಬೈಲಿಗಿಂತ ಕಾಗದವೇ ಗಟ್ಟಿ. ಪ್ರತಿ ತಂಡಕ್ಕೂ ಒಂದು ಸಾಲು ಹಾಕಿ, ಅದರಲ್ಲಿ ಉಳಿದಿರುವ ಹಣ, ಉಳಿದಿರುವ ಒಟ್ಟು ಜಾಗ, ಉಳಿದಿರುವ ವಿದೇಶಿ ಜಾಗ, ಮತ್ತು ಆ ತಂಡಕ್ಕೆ ಯಾವ ಕೆಲಸಕ್ಕೆ ಜನ ಬೇಕು ಎಂಬುದನ್ನು ಬರೆಯಬೇಕು. ಒಂದು ತಂಡದಲ್ಲಿ ಹೆಚ್ಚೆಂದರೆ 25, ಕಡಿಮೆಯೆಂದರೆ 18 ಆಟಗಾರರಿರಬೇಕು. ಅವರಲ್ಲಿ ವಿದೇಶಿಗರು 8 ಜನರನ್ನು ಮೀರುವಂತಿಲ್ಲ. ಆಡುವ ಹನ್ನೊಂದರಲ್ಲಿ ನಾಲ್ವರಿಗಿಂತ ಹೆಚ್ಚು ವಿದೇಶಿಗರು ಇರುವಂತಿಲ್ಲ. ಒಟ್ಟು ಪರ್ಸ್ 2025ರ ಋತುವಿಗೆ 120 ಕೋಟಿ ರೂಪಾಯಿ ಇತ್ತು, 2026ಕ್ಕೆ ಅದು 125 ಕೋಟಿಯಾಯಿತು. ಉಳಿಸಿಕೊಂಡವರ ಸಂಬಳವನ್ನು ಇದರಿಂದ ಕಳೆದರೆ ಹರಾಜಿನ ಮೇಜಿಗೆ ಆ ತಂಡ ತರುವ ಹಣ ಸಿಗುತ್ತದೆ. ಕೊನೆಯ ಅಂಕಣವನ್ನು ತುಂಬುವಾಗ ಆಟಗಾರರ ಹೆಸರು ಬರೆಯಬಾರದು. ಪವರ್‌ಪ್ಲೇಯಲ್ಲಿ ಹೊಡೆಯುವ ಆರಂಭಿಕ, ವಿಕೆಟ್ ಕೀಪರ್, ಕೊನೆಯ ಓವರುಗಳ ವೇಗಿ, ನಡುವಿನ ಓವರುಗಳ ಸ್ಪಿನ್ನರ್ ಎಂದು ಕೆಲಸವನ್ನೇ ಬರೆಯಬೇಕು. ಹೆಸರು ಬರೆದ ಕ್ಷಣ ಮನಸ್ಸು ಆ ಹೆಸರಿಗೆ ಅಂಟಿಕೊಂಡು ಉಳಿದ ಆಯ್ಕೆಗಳು ಕಣ್ಣಿಗೆ ಬೀಳುವುದಿಲ್ಲ.

ಕೆಲವರನ್ನು ಮಾತ್ರ ಉಳಿಸಿಕೊಂಡು ತಂಡವನ್ನು ಹೊಸದಾಗಿ ಕಟ್ಟುವ ಮೆಗಾ ಹರಾಜು 2024ರಲ್ಲಿ ನಡೆಯಿತು; ಅದಕ್ಕೆ ಮುಂಚಿನ ಆರ್‌ಸಿಬಿಯನ್ನೇ ತೆಗೆದುಕೊಂಡು ಈ ಸಾಲನ್ನು ತುಂಬಿ ನೋಡೋಣ. ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟಿದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಮೂವರನ್ನು ಮಾತ್ರ ಉಳಿಸಿಕೊಂಡಿದ್ದರಿಂದ ಖರ್ಚಾದದ್ದು 37 ಕೋಟಿ, ಉಳಿದದ್ದು 83 ಕೋಟಿ. ವಿದೇಶಿಗರನ್ನು ಒಬ್ಬರನ್ನೂ ಉಳಿಸಿಕೊಳ್ಳದ ಕಾರಣ ಎಂಟೂ ಜಾಗ ಖಾಲಿ. ಬೇಕಾದ ಕೆಲಸಗಳು ಕೊಹ್ಲಿಯ ಜೊತೆ ಆರಂಭಿಸುವವರು, ಕೀಪರ್, ಹೊಸ ಚೆಂಡಿನ ವೇಗಿಗಳು ಮತ್ತು ಕೊನೆಯಲ್ಲಿ ಹೊಡೆಯುವವರು. ಆ ದಿನಗಳಲ್ಲಿ ಇಡೀ ಕರ್ನಾಟಕದ ಬಾಯಲ್ಲಿದ್ದ ಹೆಸರು ಕೆ.ಎಲ್. ರಾಹುಲ್. ಅವರು 14 ಕೋಟಿಗೆ ಡೆಲ್ಲಿಗೆ ಹೋದರು. ಆರ್‌ಸಿಬಿ ಫಿಲ್ ಸಾಲ್ಟ್‌ಗೆ 11.50 ಕೋಟಿ, ಜಿತೇಶ್ ಶರ್ಮಾಗೆ 11 ಕೋಟಿ, ಜೋಶ್ ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ ಕೊಟ್ಟಿತು. ಈ ನಾಲ್ವರದು ಒಟ್ಟು 45.75 ಕೋಟಿ, ಅಂದರೆ ಕೈಯಲ್ಲಿದ್ದ ಹಣದ ಅರ್ಧಕ್ಕಿಂತ ಹೆಚ್ಚು. ಆದರೂ ಆ ಹರಾಜಿನಲ್ಲಿ ಆರ್‌ಸಿಬಿ ಯಾರಿಗೂ 12.50 ಕೋಟಿಗಿಂತ ಹೆಚ್ಚು ಕೊಡಲಿಲ್ಲ. ಕೆಲಸಗಳ ಪಟ್ಟಿಯನ್ನು ಮೊದಲೇ ಬರೆದು, 83 ಕೋಟಿಯನ್ನು ಅವುಗಳಿಗೆ ಹಂಚಿ ನೋಡಿದ್ದವರಿಗೆ ಹೆಸರುಗಳು ಸಿಗದಿದ್ದರೂ ಖರ್ಚಿನ ಈ ಆಕಾರ ಸಿಗುತ್ತಿತ್ತು. ಅದೇ ತಂಡ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದ್ದರಿಂದ, ರಾಹುಲ್ ಬರಲಿಲ್ಲವೆಂಬ ದುಃಖ ಬೇಗ ಮರೆತುಹೋಯಿತು ಎನ್ನುವುದು ಬೇರೆ ಮಾತು.

ಮೆಗಾ ಹರಾಜಿನಲ್ಲಿ ರೈಟ್ ಟು ಮ್ಯಾಚ್, ಅಂದರೆ ಆರ್‌ಟಿಎಂ ಎಂಬ ಇನ್ನೊಂದು ಅಂಕಣ ಬೇಕಾಗುತ್ತದೆ. ತನ್ನ ಹಳೆಯ ಆಟಗಾರನನ್ನು ಬೇರೆಯವರು ಕೂಗಿದ ಬೆಲೆಗೆ ತಾನೇ ಪಡೆಯುವ ಹಕ್ಕು ಇದು. ಒಟ್ಟು ಆರು ಜನರಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಳ್ಳಲಿಲ್ಲವೋ ಅಷ್ಟು ಆರ್‌ಟಿಎಂ 2024ರಲ್ಲಿ ಸಿಕ್ಕಿತ್ತು. ಬಹಳ ಜನ ಇಲ್ಲಿ ಎಡವುವುದು ಹಕ್ಕಿದೆಯೆಂದರೆ ಬಳಸಿಯೇ ಬಳಸುತ್ತಾರೆ ಎಂದು ತಿಳಿದುಕೊಳ್ಳುವುದರಿಂದ. ಆರ್‌ಸಿಬಿಗೆ ಮೂರು ಆರ್‌ಟಿಎಂ ಇದ್ದವು, ಬಳಸಿದ್ದು 50 ಲಕ್ಷಕ್ಕೆ ಸ್ವಪ್ನಿಲ್ ಸಿಂಗ್ ಮೇಲೆ ಮಾತ್ರ. ಮೊಹಮ್ಮದ್ ಸಿರಾಜ್ 12.25 ಕೋಟಿಗೆ ಗುಜರಾತಿಗೂ ವಿಲ್ ಜ್ಯಾಕ್ಸ್ 5.25 ಕೋಟಿಗೆ ಮುಂಬೈಗೂ ಹೋಗುವಾಗ ತಂಡ ಸುಮ್ಮನಿತ್ತು. ಅಲ್ಲದೆ ಆ ವರ್ಷ ನಿಯಮವೂ ಬದಲಾಗಿ, ಹಳೆಯ ತಂಡ ಆರ್‌ಟಿಎಂ ಎಂದ ಮೇಲೆ ಅತಿ ಹೆಚ್ಚು ಕೂಗಿದ ತಂಡಕ್ಕೆ ಬೆಲೆಯನ್ನು ಇನ್ನೊಮ್ಮೆ ಏರಿಸುವ ಅವಕಾಶ ಸಿಕ್ಕಿತು. ಅರ್ಷದೀಪ್ ಸಿಂಗ್‌ಗೆ ಹೈದರಾಬಾದ್ 15.75 ಕೋಟಿ ಕೂಗಿತ್ತು, ಪಂಜಾಬ್ ಆರ್‌ಟಿಎಂ ಎಂದ ಕೂಡಲೇ 18 ಕೋಟಿಗೆ ಏರಿಸಿತು, ಪಂಜಾಬ್ ಅದನ್ನೂ ಒಪ್ಪಿಕೊಂಡಿತು. ರಿಷಭ್ ಪಂತ್‌ಗೆ ಲಖನೌ 20.75 ಕೋಟಿಯಿಂದ ಒಂದೇ ನೆಗೆತಕ್ಕೆ 27 ಕೋಟಿಗೆ ಹೋದಾಗ ಡೆಲ್ಲಿ ಹಿಂದೆ ಸರಿಯಿತು. ಹಾಗಾಗಿ ಆರ್‌ಟಿಎಂ ಇರುವ ಆಟಗಾರನ ಬೆಲೆಯನ್ನು ಊಹಿಸುವಾಗ ಒಂದು ಮೆಟ್ಟಿಲು ಹೆಚ್ಚೇ ಹಾಕಬೇಕು.

ಇನ್ನು ದಿನಾಂಕಗಳು. ತಂಡಗಳು ಹರಾಜಿಲ್ಲದೆ ತಮ್ಮತಮ್ಮಲ್ಲೇ ಆಟಗಾರರನ್ನು ಕೊಟ್ಟು ಕೊಳ್ಳುವ ಟ್ರೇಡಿಗೆ ಇರುವ ಅವಧಿ, ಅಂದರೆ ಟ್ರೇಡಿಂಗ್ ವಿಂಡೋ, ಋತು ಮುಗಿದು ಏಳು ದಿನಕ್ಕೆ ತೆರೆದು ಹರಾಜಿಗೆ ಏಳು ದಿನ ಇರುವಾಗ ಮುಚ್ಚುತ್ತದೆ. ಹರಾಜಾದ ಮೇಲೆ ಮತ್ತೆ ತೆರೆದು ಮುಂದಿನ ಋತುವಿಗೆ ಒಂದು ತಿಂಗಳು ಇರುವವರೆಗೆ ಇರುತ್ತದೆ. 2023ರಲ್ಲಿ ಉಳಿಸಿಕೊಂಡವರ ಪಟ್ಟಿ ನವೆಂಬರ್ 26ಕ್ಕೆ, ಹರಾಜು ಡಿಸೆಂಬರ್ 19ಕ್ಕೆ ದುಬೈನಲ್ಲಿ. 2024ರಲ್ಲಿ ಪಟ್ಟಿ ಅಕ್ಟೋಬರ್ 31ಕ್ಕೆ, ಹರಾಜು ನವೆಂಬರ್ 24 ಮತ್ತು 25ರಂದು ಜೆಡ್ಡಾದಲ್ಲಿ. 2025ರಲ್ಲಿ ಪಟ್ಟಿ ನವೆಂಬರ್ 15ಕ್ಕೆ, ಹರಾಜು ಡಿಸೆಂಬರ್ 16ಕ್ಕೆ ಅಬುಧಾಬಿಯಲ್ಲಿ. ಪಟ್ಟಿ ಬಂದ ರಾತ್ರಿ ಎಲ್ಲ ಮುಗಿಯಿತೆಂದು ಕಾಗದ ಮಡಿಸಿಡಬಾರದು. 2023ರ ನವೆಂಬರ್ 26ರ ಸಂಜೆ ಗುಜರಾತ್ ಉಳಿಸಿಕೊಂಡವರ ಪಟ್ಟಿಯಲ್ಲಿ ಹಾರ್ದಿಕ್ ಪಾಂಡ್ಯ ಹೆಸರಿತ್ತು. ಮರುದಿನ ಅವರು ಮುಂಬೈಯವರಾಗಿದ್ದರು.

ಆ ಪ್ರಕರಣವನ್ನು ಬಿಡಿಸಿ ನೋಡಿದರೆ ಟ್ರೇಡ್ ಹೇಗೆ ನಡೆಯುತ್ತದೆ ಎಂಬುದು ತಿಳಿಯುತ್ತದೆ. ಹಾರ್ದಿಕ್ ಸಂಬಳ 15 ಕೋಟಿ; ಅಷ್ಟು ಹಣ ಮುಂಬೈ ಪರ್ಸಿನಲ್ಲಿ ಸುಲಭವಾಗಿ ಇರಲಿಲ್ಲ. ಅದೇ ಹೊತ್ತಿಗೆ ಮುಂಬೈ 17.50 ಕೋಟಿಯ ಕ್ಯಾಮರಾನ್ ಗ್ರೀನ್ ಅವರನ್ನು ಬದಲಿಗೆ ಆಟಗಾರರನ್ನು ಪಡೆಯದೆ ಹಣಕ್ಕೆ ಆರ್‌ಸಿಬಿಗೆ ಬಿಟ್ಟುಕೊಟ್ಟಿತು. ಗ್ರೀನ್ ಬೆಂಗಳೂರಿಗೆ ಯಾಕೆ ಬಂದರು ಎಂಬ ಪ್ರಶ್ನೆಗೆ ಆರ್‌ಸಿಬಿಯೊಳಗೇ ಉತ್ತರ ಹುಡುಕಿದವರಿಗೆ ಅರ್ಧ ಮಾತ್ರ ಸಿಕ್ಕಿತು, ಉಳಿದರ್ಧ ಗುಜರಾತ್ ತಂಡದ ಊರಾದ ಅಹಮದಾಬಾದಿನಲ್ಲಿತ್ತು. ದೊಡ್ಡ ಟ್ರೇಡಿನ ಗಾಳಿಮಾತು ಕಿವಿಗೆ ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಆಟಗಾರನನ್ನು ಪಡೆಯುವ ತಂಡಕ್ಕೆ ಅಷ್ಟು ಸಂಬಳಕ್ಕೆ ಜಾಗವಿದೆಯೇ ಎಂಬುದು. ಇಲ್ಲವಾದರೆ ಆ ತಂಡ ಯಾರನ್ನು ಬಿಡಬಹುದು, ಬಿಟ್ಟವನನ್ನು ಕೊಳ್ಳಲು ಹಣವಿರುವ ಮೂರನೆಯ ತಂಡ ಯಾವುದು ಎಂದು ಕಾಗದದಲ್ಲಿ ಹುಡುಕಬೇಕು. ಎರಡು ತಂಡಗಳ ನಡುವೆ ಕೈ ಬದಲಾಗುವ ವರ್ಗಾವಣೆ ಶುಲ್ಕ ಆಟಗಾರನ ಸಂಬಳಕ್ಕಿಂತ ಬೇರೆಯಾದದ್ದು, ಅದನ್ನು ಬಹಿರಂಗಪಡಿಸುವುದೂ ಇಲ್ಲ. ಅದರ ಊಹೆಗೆ ಕೈಹಾಕುವುದು ವ್ಯರ್ಥ.

ಹಣದಷ್ಟೇ ಮುಖ್ಯವಾದದ್ದು ವಿದೇಶಿ ಜಾಗ. 2025ರಲ್ಲಿ ಸಂಜು ಸ್ಯಾಮ್ಸನ್ ರಾಜಸ್ಥಾನದಿಂದ ಹೊರಬೀಳಲು ಬಯಸಿದ್ದಾರೆಂಬ ಸುದ್ದಿ ಆಗಸ್ಟಿನಲ್ಲೇ ಹರಡಿತ್ತು, ಅಧಿಕೃತವಾದದ್ದು ನವೆಂಬರ್ 15ಕ್ಕೆ. ಸ್ಯಾಮ್ಸನ್ 18 ಕೋಟಿಗೆ ಚೆನ್ನೈಗೆ ಹೋದರು; ರವೀಂದ್ರ ಜಡೇಜ ತಮ್ಮ ಸಂಬಳವನ್ನು 18ರಿಂದ 14 ಕೋಟಿಗೆ ಇಳಿಸಿಕೊಂಡು, ಸ್ಯಾಮ್ ಕರನ್ 2.40 ಕೋಟಿಗೆ, ಇಬ್ಬರೂ ರಾಜಸ್ಥಾನಕ್ಕೆ ಬಂದರು. ಜಡೇಜ ಮತ್ತು ಸ್ಯಾಮ್ಸನ್ ವಿಷಯ ಬಹುತೇಕ ಇತ್ಯರ್ಥವಾಗಿದ್ದರೂ ಕೊನೆಯ ದಿನಗಳಲ್ಲಿ ಮಾತು ನಿಂತದ್ದು ಕರನ್ ಬಳಿ, ಏಕೆಂದರೆ ರಾಜಸ್ಥಾನದಲ್ಲಿ ಆಗಲೇ ಎಂಟು ವಿದೇಶಿಗರಿದ್ದರು. ಯಾರನ್ನಾದರೂ ಕೈಬಿಡದೆ ಒಂಬತ್ತನೆಯವನನ್ನು ತರುವಂತಿರಲಿಲ್ಲ. ಹಸರಂಗ ಮತ್ತು ತೀಕ್ಷಣ ಇಬ್ಬರನ್ನೂ ಆ ತಂಡ ಬಿಟ್ಟಿತು. ವಿದೇಶಿ ಜಾಗದ ಅಂಕಣವನ್ನು ತುಂಬಿಟ್ಟುಕೊಂಡ ಅಭಿಮಾನಿಗೆ, ಕರನ್ ಹೆಸರು ಸುದ್ದಿಗೆ ಬಂದ ದಿನವೇ, ಶ್ರೀಲಂಕಾದ ಸ್ಪಿನ್ನರುಗಳಲ್ಲಿ ಕನಿಷ್ಠ ಒಬ್ಬರ ಟಿಕೆಟ್ ಹರಿದಿದೆ ಎಂದು ಹೇಳಲು ಸಾಧ್ಯವಿತ್ತು. ಊಹೆಯಲ್ಲಿ ನಿಜವಾದ ರುಚಿ ಇರುವುದು ಇಂಥ ಎರಡನೆಯ ಹೆಜ್ಜೆಯಲ್ಲಿ ಎಂಬುದು ನನ್ನ ಅನಿಸಿಕೆ. ಸ್ಯಾಮ್ಸನ್ ಚೆನ್ನೈಗೆ ಎಂದು ಹೇಳುವುದನ್ನು ಯಾರು ಬೇಕಾದರೂ ಹೇಳುತ್ತಾರೆ.

ಇದೇ ಉದಾಹರಣೆ ಗಾಳಿಮಾತನ್ನು ಹೇಗೆ ಜರಡಿ ಹಿಡಿಯಬೇಕೆಂಬುದನ್ನೂ ತೋರಿಸುತ್ತದೆ. ಆಗಸ್ಟಿನಿಂದ ನವೆಂಬರಿನವರೆಗೆ ಸ್ಯಾಮ್ಸನ್ ಬದಲಿಗೆ ಬರುವವರೆಂದು ಹಲವು ತಂಡಗಳ ಹಲವು ಹೆಸರು ತೇಲಿಬಂದವು. ಆಟಗಾರ ಹೊರಡುತ್ತಾನೆ ಎಂಬ ದಿಕ್ಕು ಸರಿಯಿತ್ತು, ವಿವರಗಳಲ್ಲಿ ಹೆಚ್ಚಿನವು ಸುಳ್ಳಾದವು. ಆದ್ದರಿಂದ ಒಂದು ಸುದ್ದಿಯನ್ನು ಇಡಿಯಾಗಿ ನಂಬುವ ಅಥವಾ ಇಡಿಯಾಗಿ ತಳ್ಳಿಹಾಕುವ ಬದಲು, ಅದನ್ನು ತುಂಡುಮಾಡಿ ಪ್ರತಿ ತುಂಡಿಗೂ ಬೇರೆ ಬೇರೆ ನಂಬಿಕೆಯ ಗುರುತು ಹಾಕಬೇಕು. ಸುದ್ದಿಯಿಂದ ಯಾರಿಗೆ ಲಾಭ ಎಂದು ನೋಡಬೇಕು: ಒಂದು ತಂಡಕ್ಕೆ ಆಸಕ್ತಿಯಿದೆ ಎಂಬ ಮಾತು ಆಟಗಾರನ ಮ್ಯಾನೇಜರ್ ಕಡೆಯಿಂದ ಹೊರಟಿದ್ದರೆ ಅದು ಬೆಲೆ ಏರಿಸುವ ಉಪಾಯವೂ ಆಗಿರಬಹುದು. ಒಪ್ಪಂದದಲ್ಲಿರುವ ಆಟಗಾರ ತಾನೇ ಹೋಗಿ ಬೇರೆ ತಂಡದ ಜೊತೆ ಮಾತನಾಡುವಂತಿಲ್ಲ. ಹಾಗೆ ಮಾಡಿದ್ದಕ್ಕಾಗಿಯೇ ಜಡೇಜ 2010ರ ಋತುವಿನಲ್ಲಿ ಆಡದಂತೆ ನಿಷೇಧಕ್ಕೆ ಒಳಗಾಗಿದ್ದರು. ಹೀಗಾಗಿ ಆಟಗಾರನೇ ಹೇಳಿದನಂತೆ ಎಂದು ಶುರುವಾಗುವ ಸುದ್ದಿಗೆ ನಂಬಿಕೆ ಕಡಿಮೆ ಇಡಿ. ಇನ್‌ಸ್ಟಾಗ್ರಾಮಿನಲ್ಲಿ ಯಾರನ್ನು ಹಿಂಬಾಲಿಸುವುದನ್ನು ಯಾರು ಬಿಟ್ಟರು ಎಂಬುದರ ಮೇಲೆ ಕಟ್ಟಿದ ಊಹೆಯನ್ನು ಕಾಗದದಲ್ಲಿ ಬರೆಯಲೇಬೇಡಿ.

ಬೆಲೆಯ ಊಹೆ ಟ್ರೇಡಿಗಿಂತ ಕಷ್ಟ, ಆದರೆ ಅದಕ್ಕೂ ಒಂದು ಹಿಡಿತವಿದೆ, ಮತ್ತು ಶಿವಮೊಗ್ಗದ ಅಡಿಕೆ ಮಂಡಿಯನ್ನು ಕಂಡವರಿಗೆ ಅದು ತಟ್ಟನೆ ಹೊಳೆಯುತ್ತದೆ. ಒಂದೇ ತೋಟದ ರಾಶಿ ಅಡಿಕೆಗೆ ಇಬ್ಬರು ಖರೀದಿದಾರರಿಗೆ ತುರ್ತಿರುವ ದಿನ ಒಂದು ದರ, ಒಬ್ಬನಿಗೆ ಮಾತ್ರ ಬೇಕಾಗಿರುವ ದಿನ ಇನ್ನೊಂದು ದರ. ಮಾಲಿನ ಗುಣ ಎರಡು ದಿನವೂ ಅದೇ. ಹರಾಜಿನಲ್ಲಿಯೂ ಬೆಲೆ ನಿಲ್ಲುವುದು ಎರಡನೆಯವನ ಕೈ ಎಲ್ಲಿ ಕೆಳಗಿಳಿಯುತ್ತದೆಯೋ ಅಲ್ಲಿ. ಆದ್ದರಿಂದ ಆಟಗಾರನ ಯೋಗ್ಯತೆ ಎಷ್ಟು ಕೋಟಿ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ಇವನನ್ನು ಬಯಸುವ ತಂಡಗಳಲ್ಲಿ ಎರಡನೆಯ ಸ್ಥಾನದಲ್ಲಿರುವುದು ಯಾವುದು, ಆ ತಂಡ ತನ್ನ ಉಳಿದ ಕೆಲಸಗಳಿಗೆ ಹಣ ಇಟ್ಟುಕೊಂಡು ಎಷ್ಟರವರೆಗೆ ಹೋಗಬಲ್ಲದು ಎಂದು ಕೇಳಿಕೊಳ್ಳಬೇಕು.

2025ರ ಡಿಸೆಂಬರಿನ ಮಿನಿ ಹರಾಜು, ಅಂದರೆ ಖಾಲಿ ಜಾಗ ತುಂಬಿಕೊಳ್ಳುವ ಸಣ್ಣ ಹರಾಜು, ಇದಕ್ಕೆ ಪಾಠದಂತಿದೆ. ಕೋಲ್ಕತ್ತ 64.30 ಕೋಟಿ, ಚೆನ್ನೈ 43.40 ಕೋಟಿ ಹಿಡಿದು ಬಂದಿದ್ದವು. ಉಳಿದವರ ಕೈ ಇವರಷ್ಟು ಉದ್ದ ಇರಲಿಲ್ಲ. ಆಂದ್ರೆ ರಸೆಲ್ ಐಪಿಎಲ್‌ಗೆ ವಿದಾಯ ಹೇಳಿದ್ದರಿಂದ ಕೋಲ್ಕತ್ತಕ್ಕೆ ಆಲ್‌ರೌಂಡರ್ ಬೇಕೇಬೇಕಿತ್ತು, ಗ್ರೀನ್ ಆ ಪಟ್ಟಿಯ ಅತಿ ದೊಡ್ಡ ಹೆಸರು. ಚೆನ್ನೈ 25 ಕೋಟಿವರೆಗೆ ಬಂದು ನಿಂತಿತು, ಕೋಲ್ಕತ್ತ 25.20 ಕೋಟಿಗೆ ಪಡೆಯಿತು. ಚೆನ್ನೈ ಅಲ್ಲಿ ಗೆದ್ದಿದ್ದರೆ ಅದರ ಬಳಿ ಉಳಿಯುತ್ತಿದ್ದದ್ದು ಸುಮಾರು 18 ಕೋಟಿ. ಸೋತದ್ದರಿಂದ ಅಂತರರಾಷ್ಟ್ರೀಯ ಪಂದ್ಯ ಆಡದ ಪ್ರಶಾಂತ್ ವೀರ್ ಮತ್ತು ಕಾರ್ತಿಕ್ ಶರ್ಮಾ ಇಬ್ಬರಿಗೂ ತಲಾ 14.20 ಕೋಟಿ ಸುರಿಯಲು ಸಾಧ್ಯವಾಯಿತು. ಆ ಇಬ್ಬರ ಬೆಲೆಯನ್ನು ಮೊದಲೇ ಹೇಳಿದವರು ಇಲ್ಲವೆಂದೇ ಹೇಳಬಹುದು, ಆದರೆ ಹಣ ಉಳಿದ ತಂಡ ಮುಂದಿನ ಸುತ್ತಿನಲ್ಲಿ ಕೈಸಡಿಲ ಬಿಡುತ್ತದೆ ಎಂಬುದನ್ನು ಹರಾಜು ನಡೆಯುತ್ತಿರುವಾಗಲೇ ಕಾಗದ ಹೇಳುತ್ತಿತ್ತು. ಗ್ರೀನ್ ಬೆಲೆಯ ಬಗ್ಗೆ ಇನ್ನೊಂದು ವಿವರ: ಮಿನಿ ಹರಾಜಿನಲ್ಲಿ ವಿದೇಶಿ ಆಟಗಾರನಿಗೆ ಸಿಗುವ ಹಣಕ್ಕೆ 18 ಕೋಟಿಯ ಮಿತಿ ಇದೆ, ಮೇಲಿನ 7.20 ಕೋಟಿ ಆಟಗಾರರ ಕ್ಷೇಮಕ್ಕೆಂದು ಬಿಸಿಸಿಐಗೆ ಹೋಗುತ್ತದೆ. ತಂಡದ ಪರ್ಸಿನಿಂದ ಮಾತ್ರ ಪೂರ್ತಿ 25.20 ಕೋಟಿಯೇ ಕಡಿತವಾಗುವುದರಿಂದ ಊಹೆಯ ಲೆಕ್ಕಕ್ಕೆ ಅದೇ ಅಂಕಿ ಬಳಸಬೇಕು.

ಹಳೆಯ ಬೆಲೆಯನ್ನು ಹೊಸ ಬೆಲೆಗೆ ಅಳತೆಗೋಲು ಮಾಡಿಕೊಳ್ಳುವುದು ದೊಡ್ಡ ತಪ್ಪು. ವೆಂಕಟೇಶ್ ಅಯ್ಯರ್ 2024ರಲ್ಲಿ ಕೋಲ್ಕತ್ತಕ್ಕೆ 23.75 ಕೋಟಿ, ಮರುವರ್ಷ ಆರ್‌ಸಿಬಿಗೆ 7 ಕೋಟಿ. ಅದೇ ರೀತಿ ಮೊದಲ ಸುತ್ತಿನಲ್ಲಿ ಬಿಕರಿಯಾಗದವನ ಹೆಸರಿಗೆ ಅಡ್ಡಗೆರೆ ಎಳೆಯಬಾರದು. ನಮ್ಮ ದೇವದತ್ತ ಪಡಿಕ್ಕಲ್ 2024ರಲ್ಲಿ ಮೊದಲು ಯಾರಿಗೂ ಬೇಡವಾಗಿ, ಮತ್ತೆ ಹೆಸರು ಬಂದಾಗ ಮೂಲ ಬೆಲೆ 2 ಕೋಟಿಗೆ ಆರ್‌ಸಿಬಿಗೆ ಬಂದರು. ಲಿಯಾಮ್ ಲಿವಿಂಗ್‌ಸ್ಟನ್ 2025ರಲ್ಲಿ ಮೊದಲ ಬಾರಿಗೆ ಯಾರೂ ಕೂಗದೆ ಉಳಿದು, ಎರಡನೆಯ ಬಾರಿಗೆ 13 ಕೋಟಿಗೆ ಹೈದರಾಬಾದಿಗೆ ಹೋದರು. ಹೆಸರು ಬರುವ ಹೊತ್ತಿಗೆ ಯಾರ ಬಳಿ ಎಷ್ಟು ಹಣವಿತ್ತು ಎಂಬುದು ಇಷ್ಟು ವ್ಯತ್ಯಾಸ ಮಾಡುತ್ತದೆ.

ಊರಿನ ಹುಡುಗರ ವಿಷಯಕ್ಕೆ ಬಂದಾಗ ಅಭಿಮಾನ ಲೆಕ್ಕವನ್ನು ಹೆಚ್ಚು ಕೆಡಿಸುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಕಾಲದಿಂದ ಈ ಜಿಲ್ಲೆಗೆ ಕ್ರಿಕೆಟ್ ಬಗ್ಗೆ ಒಂದು ಹಕ್ಕಿನ ಭಾವ ಇದೆ, ಅದು ಸಹಜ. ಆದರೆ 2024ರ ಜನವರಿಯಲ್ಲಿ ನವುಲೆಯ ಕೆಎಸ್‌ಸಿಎ ಮೈದಾನದಲ್ಲಿ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಮುಂಬೈ ವಿರುದ್ಧ ಕರ್ನಾಟಕದ ಪ್ರಖರ್ ಚತುರ್ವೇದಿ 638 ಎಸೆತಗಳಲ್ಲಿ ಅಜೇಯ 404 ರನ್ ಹೊಡೆದಾಗ, ಇನ್ನು ಐಪಿಎಲ್ ತಂಡಗಳು ಇವನ ಹಿಂದೆ ಬೀಳುತ್ತವೆ ಎಂಬ ಮಾತು ಕೇಳಿಬಂದರೆ ಅದನ್ನು ಒಪ್ಪಬಾರದು. ನಾಲ್ಕು ದಿನದ ಆಟದ ಮಹಾ ಇನಿಂಗ್ಸ್ ಬ್ಯಾಟಿಂಗಿನ ತಾಳ್ಮೆಗೆ ಸಾಕ್ಷಿ, ಇಪ್ಪತ್ತು ಓವರಿನ ಹರಾಜಿಗೆ ಅಲ್ಲ. ಹರಾಜಿಗೆ ಸಾಕ್ಷಿ ಬೇಕೆಂದರೆ ಮಹಾರಾಜ ಟ್ರೋಫಿ, ಸೈಯದ್ ಮುಷ್ತಾಕ್ ಅಲಿ ಟ್ರೋಫಿಗಳಂಥ ಇಪ್ಪತ್ತು ಓವರಿನ ಪಂದ್ಯಾವಳಿಗಳನ್ನು ನೋಡಬೇಕು, ಅದರಲ್ಲಿಯೂ ಒಟ್ಟು ರನ್ನಿಗಿಂತ ಯಾವ ಓವರಿನಲ್ಲಿ ಬಂದು ಯಾವ ವೇಗದಲ್ಲಿ ಹೊಡೆದ ಎಂಬುದನ್ನು ನೋಡಬೇಕು. ಅಭಿನವ್ ಮನೋಹರ್ 2024ರ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗ ಲಯನ್ಸ್ ಪರವಾಗಿ 507 ರನ್ ಹೊಡೆದದ್ದು ಬಹುಪಾಲು ಸಿಕ್ಸರುಗಳಿಂದ. ಅದೇ ವರ್ಷ ಹೈದರಾಬಾದ್ ಅವರಿಗೆ 3.20 ಕೋಟಿ ಕೊಟ್ಟಿತು, ಮರುವರ್ಷ ಬಿಟ್ಟುಬಿಟ್ಟಿತು. ಎರಡೂ ನಿರ್ಧಾರಗಳನ್ನು ಊಹಿಸಬೇಕಾದರೆ ಆ ತಂಡದಲ್ಲಿ ಆರನೆಯ ಕ್ರಮಾಂಕಕ್ಕೆ ಜಾಗವಿದೆಯೇ ಎಂಬ ಒಂದೇ ಪ್ರಶ್ನೆ ಸಾಕಾಗುತ್ತಿತ್ತು. ಅನ್‌ಕ್ಯಾಪ್ಡ್ (ಅಂತರರಾಷ್ಟ್ರೀಯ ಪಂದ್ಯ ಆಡದವರು) ಎಂಬ ವರ್ಗ ಹೊಸಬರಿಗೆ ಮಾತ್ರ ಸೇರಿದ್ದಲ್ಲ ಎಂಬುದೂ ನೆನಪಿರಲಿ: ಐದು ವರ್ಷದಿಂದ ಅಂತರರಾಷ್ಟ್ರೀಯ ಪಂದ್ಯ ಆಡದ ಭಾರತೀಯರೂ ಅದಕ್ಕೆ ಸೇರುವ ನಿಯಮದಿಂದಲೇ ಚೆನ್ನೈ 4 ಕೋಟಿಗೆ ಧೋನಿಯನ್ನು ಉಳಿಸಿಕೊಂಡಿತು.

ಕಾಗದದ ಲೆಕ್ಕ ಎಷ್ಟು ಗಟ್ಟಿ ಎಂದು ತಿಳಿಯಲು ಹರಾಜಿಗೆ ಮುಂಚಿನ ಭಾನುವಾರ ಗೆಳೆಯರನ್ನು ಸೇರಿಸಿ ಅಣಕು ಹರಾಜು ನಡೆಸುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮಲೆನಾಡಿನ ಹುಡುಗರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ; ಊರೂರಿನ ಟೆನಿಸ್ ಬಾಲ್ ಪ್ರೀಮಿಯರ್ ಲೀಗುಗಳಲ್ಲಿ ಐಕಾನ್ ಆಟಗಾರ, ಮಾಲೀಕರು, ಪಾಯಿಂಟ್‌ನಲ್ಲಿ ಬಿಡ್ ಎಲ್ಲವೂ ಇದ್ದು, ಒಳ್ಳೆಯ ಬೌಲರುಗಳೆಲ್ಲ ಮುಗಿದ ಮೇಲೆ ಪಾಯಿಂಟ್ ಉಳಿಸಿಕೊಂಡ ಮಾಲೀಕ ಸಾಧಾರಣ ಆಟಗಾರನಿಗೆ ಎಲ್ಲವನ್ನೂ ಸುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಹತ್ತು ಜನ ಸಿಕ್ಕರೆ ತಲೆಗೊಂದು ತಂಡ. ಐದೇ ಜನ ಇದ್ದರೆ ತಲೆಗೆ ಎರಡರಂತೆ ಹಂಚಿ, ಆದರೆ ಆರ್‌ಸಿಬಿಯನ್ನು ಚೀಟಿ ಎತ್ತಿಯೇ ಕೊಡಿ, ಇಲ್ಲವಾದರೆ ಹರಾಜು ಶುರುವಾಗುವ ಮೊದಲೇ ಜಗಳ. ಕೂಗುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು, ಇವರಿಬ್ಬರಿಗೂ ತಂಡ ಕೊಡಬಾರದು. ಪರ್ಸ್, ಜಾಗ, ವಿದೇಶಿ ಜಾಗ ಮೂರನ್ನೂ ನಿಜವಾದ ಪಟ್ಟಿಯಿಂದಲೇ ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು, ಪ್ರತಿ ಮಾರಾಟದ ನಂತರ ತಿದ್ದಬೇಕು.

ಇಲ್ಲಿ ಬಿಗಿಯಾಗಿ ಪಾಲಿಸಬೇಕಾದ ನಿಯಮ ಕನಿಷ್ಠ ಸಂಖ್ಯೆಯದು. ಒಂದು ತಂಡದಲ್ಲಿ 12 ಜನರಿದ್ದರೆ 18 ತಲುಪಲು ಇನ್ನೂ ಆರು ಜನ ಬೇಕು. ಅನ್‌ಕ್ಯಾಪ್ಡ್ ಆಟಗಾರನ ಕನಿಷ್ಠ ಮೂಲ ಬೆಲೆ 30 ಲಕ್ಷವಾದರೆ 1.80 ಕೋಟಿಯನ್ನು ಮುಟ್ಟುವಂತಿಲ್ಲ. ಆರರಲ್ಲಿ ಒಬ್ಬನಿಗೆ ಕೂಗುವಾಗ ಐದು ಜನರ 1.50 ಕೋಟಿ ಬದಿಗಿಟ್ಟು ಉಳಿದದ್ದೇ ಅವನ ಗರಿಷ್ಠ ಕೂಗು. ಲೆಕ್ಕ ಬರೆಯುವವರು ಈ ಗರಿಷ್ಠವನ್ನು ಪ್ರತಿ ತಂಡದ ಮುಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ, ಯಾರಾದರೂ ಉತ್ಸಾಹದಲ್ಲಿ ಕೈಯೆತ್ತಿದಾಗ, ‘ಏ ಮಾರಾಯ, ನಿನ್ ಪರ್ಸಲ್ಲಿ ಅಷ್ಟಿಲ್ಲ, ಕೈ ಕೆಳಗಿಳಸು’ ಎಂದು ತಡೆಯಬಹುದು. ಒಂಬತ್ತನೆಯ ವಿದೇಶಿಗನಿಗೆ ಕೂಗುವವರನ್ನು ತಡೆಯುವುದೂ ಅವರದೇ ಕೆಲಸ, ಮತ್ತು ಅದು ಪ್ರತಿ ಅಣಕು ಹರಾಜಿನಲ್ಲಿಯೂ ಒಮ್ಮೆಯಾದರೂ ಬರುತ್ತದೆ. ಮುಗಿದ ಮೇಲೆ ನೋಡಬೇಕಾದ್ದು ಯಾರು ಎಷ್ಟಕ್ಕೆ ಹೋದರು ಎಂಬುದಕ್ಕಿಂತ ಎಲ್ಲಿ ಇಬ್ಬರು ಹಟ ಹಿಡಿದರು ಎಂಬುದನ್ನು. ನಿಮ್ಮ ಕೋಣೆಯಲ್ಲಿ ಎರಡು ತಂಡಗಳ ಖಾಲಿ ಜಾಗ ಒಂದೇ ಆಟಗಾರನ ಮೇಲೆ ಸೇರಿದ್ದರೆ ಅಬುಧಾಬಿಯಲ್ಲೋ ದುಬೈನಲ್ಲೋ ಅದೇ ಎರಡು ಪ್ಯಾಡಲ್ ಏಳುವ ಸಂಭವ ಹೆಚ್ಚು. ಹಣ ಇಟ್ಟು ಇದನ್ನು ಆಡಬೇಡಿ. ಹಣ ಬಂದೊಡನೆ ಊಹೆ ಮತ್ತೆ ಆಸೆಯಾಗುತ್ತದೆ, ಗೆಳೆತನವೂ ಹಾಳಾಗುತ್ತದೆ.

ಅಂಕ ಕೊಡುವ ಕ್ರಮವನ್ನು ಹರಾಜಿಗೆ ಮುಂಚೆಯೇ ಒಪ್ಪಿಕೊಂಡು, ಎಲ್ಲರ ಊಹೆಯನ್ನೂ ದಿನಾಂಕ ಸಹಿತ ಬರೆಸಿ ಒಬ್ಬರ ಬಳಿ ಇಡಬೇಕು. ಬಾಯಿಮಾತಿನ ಊಹೆಗೆ ಅಂಕವಿಲ್ಲ. ಆಟಗಾರ ಸೇರಿದ ತಂಡ ಸರಿಯಾದರೆ ಎರಡು, ಬೆಲೆ ನಿಜವಾದ ಬೆಲೆಯ ಐದನೆಯ ಒಂದು ಭಾಗದಷ್ಟು ಆಚೀಚೆ ಇದ್ದರೆ ಇನ್ನೊಂದು ಎಂದು ಇಟ್ಟುಕೊಳ್ಳಬಹುದು. ಆಟಗಾರ ಯಾರೆಂದು ಹೇಳದೆ, ಈ ತಂಡ ಒಬ್ಬ ವಿದೇಶಿ ಕೀಪರನನ್ನು ಕೊಂಡೇ ಕೊಳ್ಳುತ್ತದೆ ಎಂಬಂಥ ಕೆಲಸದ ಊಹೆಗೂ ಎರಡು ಅಂಕ ಕೊಡುವುದು ನ್ಯಾಯ, ಏಕೆಂದರೆ ಕಾಗದದ ನಿಜವಾದ ಪರೀಕ್ಷೆ ಅದೇ. ಯಾರೂ ಕೊಳ್ಳುವುದಿಲ್ಲ ಎಂಬ ಊಹೆಯನ್ನು ಕೊನೆಯ ಸುತ್ತು ಮುಗಿದ ಮೇಲೆಯೇ ಪರಿಶೀಲಿಸಬೇಕು. ಟ್ರೇಡಿನ ಊಹೆಗೆ ಅಧಿಕೃತ ಘೋಷಣೆ ಬಂದ ದಿನ ಮಾತ್ರ ಅಂಕ, ಪತ್ರಿಕೆಯಲ್ಲಿ ಬಂದ ದಿನವಲ್ಲ. ಗಾಯಗೊಂಡವರ ಬದಲಿಗೆ ಋತುವಿನ ನಡುವೆ ಬರುವವರನ್ನು ಲೆಕ್ಕಕ್ಕೆ ಹಿಡಿಯಬಾರದು. ಇಬ್ಬರ ಅಂಕ ಸಮವಾದರೆ, ಊಹೆಯನ್ನು ಮೊದಲು ಬರೆದುಕೊಟ್ಟವರು ಗೆದ್ದಂತೆ.